ಮನೆಯಂಗಳದಲ್ಲಿ ಸಿಟ್ರೊನೆಲ್ಲಾ: ಬೆಳೆಸುವ ಬಗೆ, ಬಳಸುವ ಬಗೆ

ಮುಂಗಾರು ಹಿಡಿದು ಹದಿನೈದು ದಿನ ಕಳೆಯುವಷ್ಟರಲ್ಲಿ ಸಂಜೆಯ ಹೊತ್ತು ಜಗುಲಿಯ ಮೇಲೆ ನೆಮ್ಮದಿಯಿಂದ ಕುಳಿತುಕೊಳ್ಳುವುದು ಕಷ್ಟವಾಗುತ್ತದೆ. ಸೊಳ್ಳೆಯ ಕಾಟವನ್ನು ನಮ್ಮ ಹಿರಿಯರು ಬೇವಿನ ಸೊಪ್ಪಿನ ಹೊಗೆ, ಲಕ್ಕಿ ಸೊಪ್ಪಿನ ಹೊಗೆ, ಸೊಳ್ಳೆಪರದೆ ಇವುಗಳಿಂದ ಎದುರಿಸುತ್ತಿದ್ದರು. ಈಚಿನ ವರ್ಷಗಳಲ್ಲಿ ಆ ಸಾಲಿಗೆ ಸಿಟ್ರೊನೆಲ್ಲಾ ಎಂಬ ಹೆಸರೂ ಸೇರಿಕೊಂಡಿದೆ. ಅದರ ಎಣ್ಣೆ, ಮೇಣದಬತ್ತಿ, ಊದುಬತ್ತಿಗಳು ಅಂಗಡಿಗೆ ಬಂದಿವೆ. ನರ್ಸರಿಗಳಲ್ಲಿ ‘ಸೊಳ್ಳೆ ಗಿಡ’ ಎಂಬ ಹೆಸರಿನಲ್ಲಿ ಕುಂಡಗಳು ಮಾರಾಟವಾಗುತ್ತಿವೆ. ಬಾಗಿಲ ಬಳಿ ಇಂಥದೊಂದು ಕುಂಡವಿದ್ದರೆ ಮನೆಯೊಳಗೆ ಸೊಳ್ಳೆ ಸುಳಿಯದು ಎಂಬ ಮಾತು ಬಾಯಿಂದ ಬಾಯಿಗೆ ಹರಡಿದೆ.

ಈ ಮಾತಿನಲ್ಲಿ ಸತ್ಯವೂ ಇದೆ, ಅಸತ್ಯವೂ ಇದೆ. ಎರಡನ್ನೂ ಬೇರ್ಪಡಿಸಿ ತಿಳಿಯದೆ ಹೋದರೆ ನಷ್ಟವಾಗುವುದು ಗಿಡಕ್ಕೆ ಕೊಟ್ಟ ಹಣವಷ್ಟೇ ಅಲ್ಲ. ಗಿಡ ಕಾಪಾಡುತ್ತದೆ ಎಂಬ ನಂಬಿಕೆಯಿಂದ ನೀರಿನ ತೊಟ್ಟಿಯ ಕಡೆ ಗಮನ ತಪ್ಪಿದರೆ, ಅದರ ಬೆಲೆಯನ್ನು ಮನೆಯ ಮಗುವೊಂದು ಡೆಂಗೀ ಜ್ವರದ ರೂಪದಲ್ಲಿ ತೆರಬೇಕಾದೀತು. ಆದ್ದರಿಂದ ಈ ಸಸ್ಯದ ಗುಣವನ್ನೂ ಮಿತಿಯನ್ನೂ ಒಟ್ಟಿಗೇ ಅರಿಯುವುದು ಒಳ್ಳೆಯದೆಂದು ಭಾವಿಸುತ್ತೇವೆ.

ಗುರುತು ಹಿಡಿಯುವುದು ಹೇಗೆ?

ಸಿಟ್ರೊನೆಲ್ಲಾ ಎಂಬುದು ಹುಲ್ಲಿನ ಜಾತಿಗೆ ಸೇರಿದ ಸುಗಂಧ ಸಸ್ಯ. ನಮ್ಮ ಹಿತ್ತಿಲುಗಳಲ್ಲಿ ಬೆಳೆಯುವ ಮಜ್ಜಿಗೆ ಹುಲ್ಲು ಇದರ ಹತ್ತಿರದ ಬಂಧು. ಎರಡೂ ಸಿಂಬೊಪೋಗಾನ್ ಎಂಬ ಒಂದೇ ಕುಲಕ್ಕೆ ಸೇರಿವೆ. ಸಿಟ್ರೊನೆಲ್ಲಾದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಶ್ರೀಲಂಕಾ ಮೂಲದ ಸಿಲೋನ್ ಸಿಟ್ರೊನೆಲ್ಲಾ. ಇನ್ನೊಂದು ಜಾವಾ ಸಿಟ್ರೊನೆಲ್ಲಾ. ಸೊಳ್ಳೆಗೆ ಹಿಡಿಸದ ಸಿಟ್ರೊನೆಲ್ಲಾಲ್ ಎಂಬ ಅಂಶವು ಜಾವಾ ಬಗೆಯ ಎಣ್ಣೆಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಸಿಲೋನ್ ಬಗೆಯಲ್ಲಿ ಅದು ಬಹಳ ಕಡಿಮೆ. ಭಾರತದಲ್ಲಿ ಅಸ್ಸಾಂ ಮೊದಲಾದ ಈಶಾನ್ಯ ರಾಜ್ಯಗಳಲ್ಲಿ ಹೆಚ್ಚಾಗಿ ಬೆಳೆಯುವುದು ಜಾವಾ ಬಗೆಯನ್ನೇ. ಸಾಬೂನು, ಸುಗಂಧದ್ರವ್ಯಗಳ ತಯಾರಿಕೆಗೂ ಈ ಎಣ್ಣೆ ಬೇಕು.

ಮಜ್ಜಿಗೆ ಹುಲ್ಲಿಗೂ ಸಿಟ್ರೊನೆಲ್ಲಾಕ್ಕೂ ಇರುವ ವ್ಯತ್ಯಾಸವನ್ನು ತಾಯಂದಿರು ಚೆನ್ನಾಗಿ ಗಮನಿಸಬೇಕು. ಮಜ್ಜಿಗೆ ಹುಲ್ಲಿನ ಬುಡ ಬಿಳಿಚಿದ ಹಸಿರು. ಉಜ್ಜಿದರೆ ನಿಂಬೆಯ ಹಿತವಾದ ಪರಿಮಳ. ಸಿಟ್ರೊನೆಲ್ಲಾದ ಬುಡದಲ್ಲಿ ಕೆಂಪು ಅಥವಾ ನೇರಳೆ ಛಾಯೆ ಕಾಣುತ್ತದೆ. ಎಲೆಗಳು ಉದ್ದವಾಗಿ ಬೆಳೆದು ತುದಿಯ ಕಡೆಗೆ ಬಾಗಿ ಜೋಲುತ್ತವೆ. ವಾಸನೆ ಹೆಚ್ಚು ತೀಕ್ಷ್ಣ, ಸೊಳ್ಳೆಗೆ ಹಚ್ಚುವ ಮುಲಾಮನ್ನು ನೆನಪಿಸುವಂಥದು. ಮಜ್ಜಿಗೆ ಹುಲ್ಲನ್ನು ಕಷಾಯಕ್ಕೆ, ಚಹಕ್ಕೆ ಹಾಕಿ ಕುಡಿಯಬಹುದು. ಸಿಟ್ರೊನೆಲ್ಲಾ ಕುಡಿಯುವ ವಸ್ತುವಲ್ಲ. ಎರಡನ್ನೂ ಬೆಳೆಸುವವರು ಅಕ್ಕಪಕ್ಕದಲ್ಲಿ ನೆಡದೆ, ದೂರ ದೂರ ನೆಟ್ಟರೆ ಅಡುಗೆಮನೆಯಲ್ಲಿ ಗೊಂದಲವಾಗದು.

ನರ್ಸರಿಗಳಲ್ಲಿ ‘ಸೊಳ್ಳೆ ಗಿಡ’ ಎಂದು ಕೊಡುವುದು ಬಹಳ ಸಲ ಈ ಹುಲ್ಲೇ ಅಲ್ಲ. ಅದು ಪೆಲಾರ್ಗೋನಿಯಂ ಕುಲಕ್ಕೆ ಸೇರಿದ, ಸೀಳು ಸೀಳಾದ ಒರಟು ಎಲೆಯ, ತಿಳಿ ನೇರಳೆ ಹೂವಿನ ಒಂದು ಜಿರೇನಿಯಂ. ಎಲೆಯನ್ನು ಉಜ್ಜಿದರೆ ಸಿಟ್ರೊನೆಲ್ಲಾದಂತಹ ವಾಸನೆ ಬರುತ್ತದೆಯಾದ್ದರಿಂದ ಆ ಹೆಸರು ಬಂದಿದೆ. ಈ ಗಿಡವನ್ನು 1994ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ, 1996ರಲ್ಲಿ ಕೆನಡಾದಲ್ಲಿ ವಿಜ್ಞಾನಿಗಳು ಪರೀಕ್ಷಿಸಿ ನೋಡಿದರು. ಗಿಡದ ಬಳಿ ಕುಳಿತವರಿಗೂ ಗಿಡವಿಲ್ಲದ ಕಡೆ ಕುಳಿತವರಿಗೂ ಸೊಳ್ಳೆ ಕಚ್ಚುವುದರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸೊಳ್ಳೆಗಳು ಆ ಗಿಡದ ಎಲೆಯ ಮೇಲೆಯೇ ಬಂದು ಕುಳಿತು ವಿಶ್ರಮಿಸುತ್ತಿದ್ದುದನ್ನು ಕೆನಡಾದ ವಿಜ್ಞಾನಿಗಳು ಕಂಡರು. ಅಂದಕ್ಕಾಗಿ, ಪರಿಮಳಕ್ಕಾಗಿ ಆ ಗಿಡವನ್ನು ಬೆಳೆಸಬಹುದು, ರಕ್ಷಣೆಗಾಗಿ ಅಲ್ಲ.

ಗಿಡ ಇದ್ದಮಾತ್ರಕ್ಕೆ ಸೊಳ್ಳೆ ಓಡುವುದೆ?

ನಿಜವಾದ ಸಿಟ್ರೊನೆಲ್ಲಾ ಹುಲ್ಲನ್ನೇ ತಂದು ನೆಟ್ಟರೂ, ಅದು ಸುಮ್ಮನೆ ನಿಂತಿದ್ದರೆ ಸೊಳ್ಳೆ ಓಡಿಹೋಗುವುದಿಲ್ಲ. ಇದಕ್ಕೆ ಕಾರಣ ಸರಳವಾದುದು. ಎಣ್ಣೆಯ ಅಂಶ ಎಲೆಯೊಳಗಿನ ಸೂಕ್ಷ್ಮ ಕೋಶಗಳಲ್ಲಿ ಅಡಗಿರುತ್ತದೆ. ಎಲೆಯನ್ನು ಉಜ್ಜಿದಾಗ, ಜಜ್ಜಿದಾಗ, ಕತ್ತರಿಸಿದಾಗ ಇಲ್ಲವೆ ಬಿಸಿ ತಗುಲಿದಾಗ ಮಾತ್ರ ಅದು ತಕ್ಕಷ್ಟು ಪ್ರಮಾಣದಲ್ಲಿ ಗಾಳಿಗೆ ಬರುತ್ತದೆ.

ಸೊಳ್ಳೆ ನಮ್ಮನ್ನು ಹುಡುಕುವ ಬಗೆಯನ್ನೂ ತಿಳಿಯಬೇಕು. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ, ಬೆವರಿನ ವಾಸನೆ ಇವು ಅದಕ್ಕೆ ದಾರಿ ತೋರುತ್ತವೆ. ಸಿಟ್ರೊನೆಲ್ಲಾದ ಎಣ್ಣೆ ಸೊಳ್ಳೆಯನ್ನು ಕೊಲ್ಲುವುದಿಲ್ಲ. ತನ್ನ ತೀಕ್ಷ್ಣ ವಾಸನೆಯಿಂದ ಆ ದಾರಿಯನ್ನು ಮರೆಮಾಡಿ ಅದನ್ನು ದೂರ ಸರಿಸುತ್ತದೆ. ಹೀಗೆ ದೂರ ಸರಿಸುವ ಗುಣ ನಿಜವಾದುದೇ. ಅಮೆರಿಕದಲ್ಲಿ ಈ ಎಣ್ಣೆ 1948ರಿಂದಲೂ ಕೀಟನಿವಾರಕವಾಗಿ ನೋಂದಣಿಯಾಗಿದೆ. ಆದರೆ ಇದು ಬೇಗ ಆವಿಯಾಗುವ ಎಣ್ಣೆ. ಮೈಗೆ ಹಚ್ಚಿದ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಅದರ ಪ್ರಭಾವ ಕುಂದುತ್ತದೆ. ಬಯಲಿನಲ್ಲಿ ಗಾಳಿ ಬೀಸುತ್ತಿದ್ದರೆ ಇನ್ನೂ ಬೇಗ. ಸಿಟ್ರೊನೆಲ್ಲಾ ಮೇಣದಬತ್ತಿಯ ಫಲವೂ ಅಲ್ಪವೇ.

ನೆಡುವ ಮತ್ತು ಸಾಕುವ ಕ್ರಮ

ಇಷ್ಟು ತಿಳಿದ ಮೇಲೆಯೂ ಈ ಹುಲ್ಲು ಹಿತ್ತಿಲಲ್ಲಿ ಇರತಕ್ಕದ್ದೇ. ಹೆಚ್ಚು ಆರೈಕೆ ಬೇಡದ, ಒಮ್ಮೆ ನೆಟ್ಟರೆ ನಾಲ್ಕೈದು ವರ್ಷ ಬಾಳುವ, ದನಕರುಗಳು ಸಾಮಾನ್ಯವಾಗಿ ಬಾಯಿ ಹಾಕದ ಸಸ್ಯ ಇದು. ಹೊಲದ ಬದುವಿನ ಮೇಲೆ ಸಾಲಾಗಿ ನೆಟ್ಟರೆ ಬೇರುಗಳು ಮಣ್ಣನ್ನು ಹಿಡಿದು ನಿಲ್ಲಿಸುತ್ತವೆ.

ಇದನ್ನು ಬೀಜದಿಂದಲ್ಲ, ಬುಡದ ತೆಂಡೆಗಳಿಂದ ಬೆಳೆಸುವುದು ರೂಢಿ. ಒಂದು ವರ್ಷ ತುಂಬಿದ ಆರೋಗ್ಯವಂತ ಬುಡವನ್ನು ಅಗೆದು, ಬೇರುಸಹಿತ ಒಂದೆರಡು ತೆಂಡೆಗಳಿರುವಂತೆ ಸೀಳಿಕೊಳ್ಳಬೇಕು. ಎಲೆಗಳನ್ನು ಒಂದು ಗೇಣು ಉಳಿಸಿ ಕತ್ತರಿಸಿ, ಒಣಗಿದ ಹೊರಸಿಪ್ಪೆಯನ್ನೂ ಹಳೆಯ ಬೇರನ್ನೂ ತೆಗೆದು ನೆಡಬೇಕು. ಜೂನ್, ಜುಲೈ ತಿಂಗಳುಗಳು ಇದಕ್ಕೆ ಪ್ರಶಸ್ತ. ನೀರಿನ ಅನುಕೂಲವಿದ್ದವರು ಫೆಬ್ರವರಿ, ಮಾರ್ಚ್ ತಿಂಗಳಲ್ಲಿಯೂ ನೆಡಬಹುದು.

ನೆಲದಲ್ಲಿ ನೆಡುವುದಾದರೆ ಗಿಡದಿಂದ ಗಿಡಕ್ಕೆ ಎರಡು ಅಡಿ ಅಂತರವಿರಲಿ. ಬುಡದಲ್ಲಿ ನೀರು ನಿಲ್ಲುವ ಜಾಗ ಇದಕ್ಕೆ ಒಗ್ಗದು, ಬೇರು ಕೊಳೆಯುತ್ತದೆ. ದಿನಕ್ಕೆ ಐದಾರು ಗಂಟೆಯಾದರೂ ಬಿಸಿಲು ಬೀಳಬೇಕು. ನೆರಳಿನಲ್ಲಿ ಗಿಡ ಬದುಕುತ್ತದೆಯಾದರೂ ಎಲೆಯಲ್ಲಿ ಎಣ್ಣೆಯ ಅಂಶ ಇಳಿಯುತ್ತದೆ.

ಪಟ್ಟಣದ ಮನೆಗಳಲ್ಲಿ, ತಾರಸಿಯ ಮೇಲೆ ಬೆಳೆಸುವವರು ಹದಿನೈದು ಅಂಗುಲಕ್ಕೆ ಕಡಿಮೆಯಿಲ್ಲದಷ್ಟು ಅಗಲ ಮತ್ತು ಆಳವಿರುವ ಕುಂಡವನ್ನು ಆರಿಸಿಕೊಳ್ಳಬೇಕು. ಅರ್ಧಕ್ಕೆ ಕತ್ತರಿಸಿದ ಹಳೆಯ ಡ್ರಮ್ ಕೂಡ ಆದೀತು. ತಳದಲ್ಲಿ ನೀರು ಹರಿದುಹೋಗಲು ರಂಧ್ರಗಳಿರಲಿ. ಕೆಮ್ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಮರಳು ಒಂದು ಪಾಲು ಬೆರೆಸಿ ತುಂಬಿದರೆ ಸಾಕು. ಮೇಲ್ಮಣ್ಣು ಒಂದು ಅಂಗುಲದಷ್ಟು ಒಣಗಿದಾಗ ನೀರುಣಿಸಬೇಕು. ಎರಡು ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ ಕೊಟ್ಟರೆ ಹೊಸ ತೆಂಡೆಗಳು ಒಡೆಯುತ್ತವೆ. ಎರಡು ವರ್ಷಕ್ಕೊಮ್ಮೆ ಕುಂಡದ ಬುಡವನ್ನು ಸೀಳಿ ಮರುನಾಟಿ ಮಾಡಬೇಕು. ಹೆಚ್ಚಾದ ತೆಂಡೆಗಳನ್ನು ನೆರೆಹೊರೆಯವರಿಗೆ ಕೊಟ್ಟರೆ ಗಿಡವೂ ಹರಡುತ್ತದೆ, ಸ್ನೇಹವೂ ಬೆಳೆಯುತ್ತದೆ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಕುಂಡದ ಕೆಳಗೆ ಇಡುವ ತಟ್ಟೆಯಲ್ಲಿ ನೀರು ನಿಂತರೆ ಡೆಂಗೀ ಸೊಳ್ಳೆ ಅಲ್ಲಿಯೇ ಮೊಟ್ಟೆಯಿಡುತ್ತದೆ. ಸೊಳ್ಳೆಯನ್ನು ಓಡಿಸಲೆಂದು ತಂದ ಗಿಡದ ಬುಡವೇ ಸೊಳ್ಳೆಯ ತೊಟ್ಟಿಲಾಗುವುದನ್ನು ಅನೇಕ ಮನೆಗಳಲ್ಲಿ ಕಾಣುತ್ತೇವೆ. ತಟ್ಟೆ ಇಡದಿರುವುದೇ ಉತ್ತಮ. ಇಡಲೇಬೇಕಾದರೆ ಅದರಲ್ಲಿ ಮರಳು ತುಂಬಿ, ವಾರಕ್ಕೊಮ್ಮೆ ತಿಕ್ಕಿ ತೊಳೆಯಬೇಕು.

ಕೊಯ್ಲು ಮತ್ತು ಬಳಕೆ

ನೆಟ್ಟ ಐದಾರು ತಿಂಗಳಿಗೆ ಮೊದಲ ಕೊಯ್ಲಿಗೆ ಬರುತ್ತದೆ. ಬಳಿಕ ಎರಡೂವರೆ, ಮೂರು ತಿಂಗಳಿಗೊಮ್ಮೆ ಕೊಯ್ಯಬಹುದು. ನೆಲದಿಂದ ಒಂದು ಗೇಣು ಬಿಟ್ಟು ಕೊಯ್ದರೆ ಬುಡ ಮತ್ತೆ ಚಿಗುರುತ್ತದೆ. ಎಲೆಯ ಅಂಚು ಗರಗಸದಂತೆ ಹರಿತವಾಗಿರುವುದರಿಂದ ಕೈಗೆ ಬಟ್ಟೆ ಸುತ್ತಿಕೊಂಡು ಕುಡುಗೋಲು ಹಿಡಿಯಬೇಕು. ಮಕ್ಕಳಿಗೆ ಈ ಕೆಲಸ ಒಪ್ಪಿಸಬಾರದು.

ಸಂಜೆ ಜಗುಲಿಯಲ್ಲಿ ಕೂರುವಾಗ ನಾಲ್ಕಾರು ಎಲೆಗಳನ್ನು ಕೊಯ್ದು, ಕೈಯಿಂದ ತಿರುಚಿ ಜಜ್ಜಿ ಪಕ್ಕದಲ್ಲಿಟ್ಟುಕೊಳ್ಳುವುದು ಅತ್ಯಂತ ಸುಲಭದ ಬಳಕೆ. ವಾಸನೆ ಕುಂದಿದಂತೆ ಮತ್ತೆ ಜಜ್ಜಬೇಕು. ಸ್ವಲ್ಪ ಹೊತ್ತಿನ ಮಟ್ಟಿಗೆ ಕಾಟ ಕಡಿಮೆಯಾಗುತ್ತದೆ.

ಎರಡು ಹಿಡಿ ಎಲೆಯನ್ನು ಕತ್ತರಿಸಿ, ಎರಡು ಲೀಟರ್ ನೀರಿನಲ್ಲಿ ಹದಿನೈದು ನಿಮಿಷ ಕುದಿಸಿ ಸೋಸಿ, ನೆಲ ಒರೆಸುವ ನೀರಿಗೆ ಬೆರೆಸಬಹುದು. ಮನೆ ಪರಿಮಳಿಸುತ್ತದೆ. ಇದನ್ನು ರೋಗಾಣುನಾಶಕವೆಂದು ತಿಳಿಯಬಾರದು. ನೆರಳಿನಲ್ಲಿ ಒಣಗಿಸಿದ ಎಲೆಗಳನ್ನು ತೆಳುಬಟ್ಟೆಯ ಗಂಟು ಕಟ್ಟಿ ಬಟ್ಟೆಯ ಪೆಟ್ಟಿಗೆಯಲ್ಲಿಟ್ಟರೆ ಮಳೆಗಾಲದ ಮುಗ್ಗಲು ವಾಸನೆ ಅಡಗುತ್ತದೆ.

ಮನೆಯಲ್ಲಿಯೇ ಶುದ್ಧ ಎಣ್ಣೆ ತೆಗೆಯುವ ಆಸೆ ಕೆಲವರಿಗಿರುತ್ತದೆ. ಹಸಿ ಎಲೆಯ ತೂಕದಲ್ಲಿ ಎಣ್ಣೆಯ ಪ್ರಮಾಣ ಶೇಕಡಾ 1 ಅಥವಾ ಅದಕ್ಕಿಂತ ಕಡಿಮೆ. ಅದನ್ನು ಹಬೆಯ ಮೂಲಕ ಭಟ್ಟಿ ಇಳಿಸಿಯೇ ತೆಗೆಯಬೇಕು. ಪ್ರೆಷರ್ ಕುಕ್ಕರಿಗೆ ನಳಿಕೆ ಜೋಡಿಸಿ ಇಂಥ ಪ್ರಯೋಗ ಮಾಡುವುದು ಅಪಾಯಕರ. ಅದರ ಬದಲು ಎಲೆಯ ಸಾರವನ್ನು ಕೊಬ್ಬರಿ ಎಣ್ಣೆಗೆ ಇಳಿಸಿಕೊಳ್ಳಬಹುದು. ಎಲೆಯನ್ನು ತೊಳೆದು, ನೀರಿನ ಪಸೆ ಆರುವಂತೆ ಒಂದೆರಡು ದಿನ ನೆರಳಿನಲ್ಲಿ ಬಾಡಿಸಿ, ಸಣ್ಣಗೆ ಹೆಚ್ಚಿ, ಗಾಜಿನ ಪಾತ್ರೆಗೆ ಅರ್ಧದಷ್ಟು ತುಂಬಬೇಕು. ಮುಳುಗುವಷ್ಟು ಕೊಬ್ಬರಿ ಎಣ್ಣೆ ಹಾಕಿ, ಆ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿರಿಸಿ, ಸಣ್ಣ ಉರಿಯಲ್ಲಿ ಎರಡು ಗಂಟೆ ಕಾಯಿಸಿ ಸೋಸಿಕೊಳ್ಳಬೇಕು. ಇದು ಪರಿಮಳದ ಎಣ್ಣೆ; ಇದರ ಶಕ್ತಿ ಸೌಮ್ಯವಾದುದು. ತೋಟದಲ್ಲಿ ಸ್ವಲ್ಪ ಹೊತ್ತು ಕೆಲಸ ಮಾಡುವಾಗ ಕೈಕಾಲಿಗೆ ಸವರಿಕೊಳ್ಳಬಹುದು.

ಅಂಗಡಿಯಲ್ಲಿ ದೊರೆಯುವ ಶುದ್ಧ ಸಿಟ್ರೊನೆಲ್ಲಾ ಎಣ್ಣೆಯನ್ನು ಹಾಗೆಯೇ ಮೈಗೆ ಹಚ್ಚಬಾರದು. ಚರ್ಮ ಉರಿದು ಕೆಂಪಾಗುತ್ತದೆ. 50 ಮಿಲಿಲೀಟರ್ ಕೊಬ್ಬರಿ ಎಣ್ಣೆಗೆ 1 ಮಿಲಿಲೀಟರ್, ಅಂದರೆ ಸುಮಾರು 20 ಹನಿ ಬೆರೆಸುವುದು ಸುರಕ್ಷಿತ ಪ್ರಮಾಣ. ಮೊದಲ ಸಲ ಬಳಸುವವರು ಮುಂಗೈಯ ಒಳಭಾಗದಲ್ಲಿ ಒಂದು ಹನಿ ಸವರಿ, ಒಂದು ದಿನ ಕಾದು ನೋಡಿ, ತುರಿಕೆ, ಗಂಧೆ ಏಳದಿದ್ದರೆ ಮಾತ್ರ ಮುಂದುವರಿಯಬೇಕು.

ಗಮನಿಸಬೇಕಾದ ಎಚ್ಚರಿಕೆಗಳು

ಎರಡು ವರ್ಷದೊಳಗಿನ ಕೂಸುಗಳಿಗೆ ಈ ಎಣ್ಣೆಯನ್ನು ಹಚ್ಚಬಾರದು. ಅವರಿಗೆ ಸೊಳ್ಳೆಪರದೆಯೇ ರಕ್ಷೆ. ದೊಡ್ಡ ಮಕ್ಕಳಿಗೆ ಹಚ್ಚುವಾಗಲೂ ಅಂಗೈ, ಕಣ್ಣು, ಬಾಯಿಯ ಬಳಿ, ಗಾಯದ ಮೇಲೆ ಸವರಬಾರದು. ಗರ್ಭಿಣಿಯರು ವೈದ್ಯರನ್ನು ಕೇಳಿ ಬಳಸಬೇಕು.

ಎಣ್ಣೆಯ ಸೀಸೆ ಮಕ್ಕಳ ಕೈಗೆ ಸಿಗದಂತಿರಲಿ. ಮಗು ಅಕಸ್ಮಾತ್ ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬಾರದು. ವಾಂತಿಯ ವೇಳೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಸೀಸೆಯೊಡನೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬೆಕ್ಕು ಸಾಕಿದವರು ಎಣ್ಣೆಯನ್ನು ಅದರ ಮೈಗೆ ಹಚ್ಚಬಾರದು. ಇಂಥ ಎಣ್ಣೆಗಳು ಬೆಕ್ಕಿಗೆ ವಿಷಪ್ರಾಯ.

ಒಣ ಎಲೆಯ ಹೊಗೆ ಹಾಕುವ ರೂಢಿಯೂ ಕೆಲವೆಡೆ ಇದೆ. ಹೊಗೆ ಯಾವ ಎಲೆಯದಾದರೂ ಹೊಗೆಯೇ. ಉಬ್ಬಸವುಳ್ಳವರು, ವೃದ್ಧರು, ಎಳೆಯ ಮಕ್ಕಳು ಇರುವ ಮನೆಯಲ್ಲಿ ಬಾಗಿಲು ಮುಚ್ಚಿ ಹೊಗೆ ಹಾಕುವುದು ಸಲ್ಲದು.

ಸೊಳ್ಳೆಯ ಹುಟ್ಟಿನ ಕಡೆಗೆ ನೋಡೋಣ

ಡೆಂಗೀ ಮತ್ತು ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಯ ಕಾಲುಗಳ ಮೇಲೆ ಬಿಳಿಯ ಪಟ್ಟೆಗಳಿರುತ್ತವೆ. ಇದು ಕಚ್ಚುವುದು ಹಗಲಿನಲ್ಲಿ. ವಿಶೇಷವಾಗಿ ಬೆಳಗಿನ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುನ್ನ. ಮೊಟ್ಟೆಯಿಡುವುದು ಚರಂಡಿಯಲ್ಲಲ್ಲ, ನಾವು ಬಳಕೆಗೆಂದು ತುಂಬಿಟ್ಟ ತಿಳಿನೀರಿನಲ್ಲಿ. ಮೊಟ್ಟೆ ಬೆಳೆದು ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ಈ ಸೊಳ್ಳೆ ಬಹುದೂರ ಹಾರುವಂಥದಲ್ಲ. ತನ್ನ ಜೀವಮಾನವನ್ನು ಕೆಲವು ನೂರು ಮೀಟರುಗಳ ಒಳಗೇ ಕಳೆಯುತ್ತದೆ. ಅಂದರೆ ನಮ್ಮ ಮಗುವನ್ನು ಕಚ್ಚಿದ ಈಡಿಸ್ ಸೊಳ್ಳೆ ಹುಟ್ಟಿದ್ದು ನಮ್ಮ ಮನೆಯಲ್ಲಿ, ಇಲ್ಲವೆ ನಮ್ಮ ಓಣಿಯಲ್ಲಿ. ಓಣಿಯ ಒಂದು ಮನೆ ಉದಾಸೀನ ಮಾಡಿದರೂ ಉಳಿದವರ ಶ್ರಮ ವ್ಯರ್ಥವಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆಯ ಉತ್ಪತ್ತಿಗೆ ಆಸ್ಪದ ಕೊಡುವ ಮನೆ, ಕಟ್ಟಡಗಳಿಗೆ ದಂಡ ವಿಧಿಸುವ ನಿಯಮ ತಂದದ್ದು ಈ ಕಾರಣದಿಂದಲೇ.

ಆದುದರಿಂದ ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿಕೊಂಡು, ಅಂದು ಮನೆಯ ಹೌದು, ಬಾನಿ, ಹಂಡೆ, ಡ್ರಮ್ಮುಗಳನ್ನು ಬರಿದು ಮಾಡಿ, ಒಳಗೋಡೆಯನ್ನು ತಿಕ್ಕಿ ತೊಳೆದು, ಒಣಗಿಸಿ ಮತ್ತೆ ತುಂಬಬೇಕು. ತಿಕ್ಕುವುದು ಮುಖ್ಯ; ಪಾತ್ರೆಯ ಗೋಡೆಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಕೂಲರ್, ಫ್ರಿಜ್ಜಿನ ಹಿಂದಿನ ತಟ್ಟೆ, ಅಂಗಳದ ಒರಳುಕಲ್ಲು, ಹಳೆಯ ಟೈರು, ಎಳನೀರಿನ ಬುರುಡೆ, ತೋಟದಲ್ಲಿ ಬಿದ್ದ ಅಡಿಕೆಯ ಹಾಳೆ ಇವುಗಳಲ್ಲಿ ನಿಂತ ನೀರನ್ನೂ ಅಂದೇ ಚೆಲ್ಲಬೇಕು. ಬರಿದು ಮಾಡಲಾಗದ ದೊಡ್ಡ ತೊಟ್ಟಿ, ಬಾವಿಗಳಿಗೆ ಲಾರ್ವಾಗಳನ್ನು ತಿನ್ನುವ ಗಪ್ಪಿ ಮೀನುಗಳನ್ನು ಬಿಡಬಹುದು. ಆರೋಗ್ಯ ಇಲಾಖೆಯ ಸಿಬ್ಬಂದಿಯನ್ನು ಕೇಳಿದರೆ ಮಾಹಿತಿ ದೊರೆಯುತ್ತದೆ.

ರಾತ್ರಿ ಕಚ್ಚುವ ಸೊಳ್ಳೆಗಳು ಬೇರೆ. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯುಲೆಕ್ಸ್ ಸೊಳ್ಳೆಯಿಂದ ಆನೆಕಾಲು ರೋಗ ಹರಡುತ್ತದೆ. ಬೀದರ, ಕಲಬುರಗಿ, ಯಾದಗಿರಿ ಕಡೆಯ ಜನ ಈ ರೋಗದ ಕಷ್ಟವನ್ನು ಬಲ್ಲರು. ಮಲೇರಿಯಾ ಹರಡುವ ಅನಾಫಿಲಿಸ್ ಕೂಡ ಕಚ್ಚುವುದು ರಾತ್ರಿಯಲ್ಲಿಯೇ. ಇವುಗಳಿಗೆ ಸೊಳ್ಳೆಪರದೆ, ಕಿಟಕಿಯ ಜಾಲರಿ, ಹರಿಯುವ ಚರಂಡಿ ಉತ್ತಮ ಉಪಾಯಗಳು. ಜ್ವರ ಹಬ್ಬಿರುವ ಊರಿನಲ್ಲಿ ಇರುವವರು ಸಿಟ್ರೊನೆಲ್ಲಾವನ್ನೇ ನೆಚ್ಚದೆ, ಹೆಚ್ಚು ಹೊತ್ತು ಕೆಲಸ ಮಾಡುವ ಡೀಟ್ ಅಥವಾ ಪಿಕಾರಿಡಿನ್ ಇರುವ ಮುಲಾಮನ್ನು ಪೊಟ್ಟಣದ ಮೇಲಿನ ಸೂಚನೆಯಂತೆ ಬಳಸುವುದು ಲೇಸು.

ಇದ್ದಕ್ಕಿದ್ದಂತೆ ತೀವ್ರ ಜ್ವರ, ತಲೆನೋವು, ಕಣ್ಣಿನ ಹಿಂಭಾಗದಲ್ಲಿ ನೋವು, ಮೈಕೈ ಸಂದುಗಳ ನೋವು ಕಂಡುಬಂದರೆ ರಕ್ತಪರೀಕ್ಷೆ ಮಾಡಿಸಬೇಕು. ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು, ರಕ್ತಸ್ರಾವದ ಭಯವಿದೆ. ಡೆಂಗೀಯಲ್ಲಿ ಜ್ವರ ಇಳಿಯುವ ಹೊತ್ತೇ ಹೆಚ್ಚು ಎಚ್ಚರದ ಹೊತ್ತು. ಜ್ವರ ಬಿಟ್ಟಿತೆಂದು ನಿಶ್ಚಿಂತೆಯಿಂದಿರುವಾಗ ಹೊಟ್ಟೆಯಲ್ಲಿ ತೀವ್ರ ನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ನಿತ್ರಾಣ ತೋರಿದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಸಿಟ್ರೊನೆಲ್ಲಾ ಹುಲ್ಲು ಹಿತ್ತಿಲಿಗೆ ಹಸಿರು, ಬದುವಿಗೆ ಭದ್ರತೆ, ಸಂಜೆಯ ಜಗುಲಿಗೆ ಒಂದಿಷ್ಟು ನೆಮ್ಮದಿ ಕೊಡಬಲ್ಲದು. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಬಯಸುವುದು ನ್ಯಾಯವಲ್ಲ. ಈ ಮಳೆಗಾಲದಲ್ಲಿ ಭಕ್ತರು ಹಿತ್ತಿಲಿನಲ್ಲಿ ನಾಲ್ಕು ತೆಂಡೆಗಳನ್ನು ನೆಡಲಿ. ನೆಟ್ಟ ದಿನವೇ ಮನೆಯ ನೀರಿನ ತೊಟ್ಟಿಯನ್ನೂ ತಿಕ್ಕಿ ತೊಳೆಯಲಿ. ಮುಂದೆ ವಾರವಾರವೂ ಆ ದಿನ ಬಂದಾಗ ಗಿಡಕ್ಕೆ ನೀರು, ತೊಟ್ಟಿಗೆ ತೊಳೆತ ಎರಡೂ ತಪ್ಪದೆ ನಡೆಯಲಿ. ಓಣಿಯ ಎಲ್ಲ ಮನೆಗಳೂ ಒಂದೇ ದಿನ ಈ ಕೆಲಸಕ್ಕೆ ಕೈಹಾಕಿದರೆ ಅದರ ಫಲ ಓಣಿಯ ಪ್ರತಿಯೊಂದು ಮಗುವಿಗೂ ದೊರೆಯುತ್ತದೆ.